ಮಂಚದಡಿಯ ಟ್ರಂಕು: ಪೋಷಕ ಮನೆಯಲ್ಲಿ ಹದಿನೆಂಟು ತುಂಬಿದ ಹುಡುಗನೊಬ್ಬನ ಪ್ರಕರಣ

ಅವನ ಟ್ರಂಕು ನೀಲಿ ಬಣ್ಣದ್ದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ 31 ಎಂದು ಬರೆದಿತ್ತು. ಬಾಲಮಂದಿರದಲ್ಲಿ ಅವನ ಮಂಚದ ಸಂಖ್ಯೆ ಅದು. ದತ್ತು ಪಡೆಯದೆ ಮಗುವನ್ನು ಸಾಕುವ ಪೋಷಕ ಕುಟುಂಬಕ್ಕೆ ಬಂದು ನಾಲ್ಕು ವರ್ಷವಾದರೂ ಅವನ ಬಟ್ಟೆಬರೆಯೆಲ್ಲ ಆ ಟ್ರಂಕಿನಲ್ಲೇ ಇರುತ್ತಿತ್ತು. ಮನೆಯಾಕೆ ಮೊದಲ ದಿನವೇ ಬೀರುವಿನ ಒಂದು ಅರೆಯನ್ನು ಖಾಲಿ ಮಾಡಿಕೊಟ್ಟಿದ್ದರು. ಅಲ್ಲಿ ಅವನು ಪುಸ್ತಕಗಳನ್ನು ಮಾತ್ರ ಇಟ್ಟಿದ್ದ. ಒಗೆದು ಒಣಗಿದ ಅಂಗಿಯನ್ನು ಮಡಚಿ, ಟ್ರಂಕಿನಲ್ಲಿಟ್ಟು, ಚಿಲಕ ಹಾಕಿ, ಮತ್ತೆ ಮಂಚದಡಿಗೆ ತಳ್ಳುತ್ತಿದ್ದ. ಮನೆ ಭೇಟಿಗೆ ಹೋದಾಗಲೆಲ್ಲ ನಾನು ಅದನ್ನು ನೋಡಿದ್ದೇನೆ. ವರದಿಯಲ್ಲಿ ಮಾತ್ರ ‘ಮಗು ಕುಟುಂಬದೊಂದಿಗೆ ಚೆನ್ನಾಗಿ ಹೊಂದಿಕೊಂಡಿದೆ’ ಎಂದು ಬರೆದಿದ್ದೇನೆ. ಅದು ಸುಳ್ಳಾಗಿರಲಿಲ್ಲ. ಆದರೆ ಟ್ರಂಕಿನ ಬಗ್ಗೆ ಒಂದು ಸಾಲು ಬರೆದಿದ್ದರೆ ಮುಂದೆ ಆದದ್ದನ್ನು ತಡೆಯಬಹುದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಪಾಲನೆಯಲ್ಲಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಈ ಹುಡುಗ ಈಗ ವಯಸ್ಕ, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ. ಆದರೂ ಹೆಸರು, ಊರು, ಜಿಲ್ಲೆಗಳನ್ನು ಬಿಟ್ಟಿದ್ದೇನೆ. ನಾನು ಆ ಜಿಲ್ಲೆಯಲ್ಲಿ ಪೋಷಕ ಕುಟುಂಬಗಳ ಭೇಟಿ ಮತ್ತು ವರದಿಯ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದರ ಸಮಾಜ ಕಾರ್ಯಕರ್ತೆ. ಹುಡುಗ ನನ್ನನ್ನು ‘ಅಕ್ಕ’ ಎನ್ನುತ್ತಾನೆ.

ಅವನು ಏಳನೆಯ ವಯಸ್ಸಿನಲ್ಲಿ ರೈಲು ನಿಲ್ದಾಣದಲ್ಲಿ ಒಬ್ಬನೇ ಕುಳಿತಿದ್ದಾಗ ಸಿಕ್ಕಿದವನು. ತಾಯಿ ತೀರಿಕೊಂಡಿದ್ದಾರೆ ಎಂಬುದು ಆಮೇಲೆ ಖಚಿತವಾಯಿತು. ತಂದೆಯ ಪತ್ತೆ ಆಗಲೇ ಇಲ್ಲ. ಪಾಲನೆ ಬೇಕಾದ ಮಕ್ಕಳ ವಿಷಯ ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬಾಲಮಂದಿರ ಸೇರಿದ. ದತ್ತು ಕೊಡುವ ಪ್ರಯತ್ನವೂ ನಡೆಯಿತು. ಅಷ್ಟು ದೊಡ್ಡ ಹುಡುಗನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಏಳು ವರ್ಷ ಅಲ್ಲೇ ಬೆಳೆದ.

ಅವನ ಜನ್ಮದಿನಾಂಕವೂ ಅಂದಾಜಿನದು. ದಾಖಲೆ ಇಲ್ಲದ ಮಗುವಿನ ವಯಸ್ಸನ್ನು ಸಮಿತಿ ನಿರ್ಧರಿಸಿ ಬರೆಯುತ್ತದೆ. ಹಾಗೆ ಬರೆದದ್ದನ್ನೇ ನಿಜವಾದ ವಯಸ್ಸು ಎಂದು ಭಾವಿಸಬೇಕೆಂದು ಕಾಯ್ದೆಯ 94ನೇ ಕಲಂ ಹೇಳುತ್ತದೆ. ಅವನ ಕಡತದಲ್ಲಿ ನವೆಂಬರ್ ತಿಂಗಳ ಒಂದು ದಿನಾಂಕವಿದೆ. ಅದು ಮುಂದೆ ಅವನ ಬದುಕಿನ ಅತಿ ದೊಡ್ಡ ಗಡಿಯಾಗಿ ನಿಂತಿತು.

ಹದಿನಾಲ್ಕಾದಾಗ ಕಾಯ್ದೆಯ 44ನೇ ಕಲಮಿನಡಿ ಅವನನ್ನು ಪೋಷಕ ಕುಟುಂಬವೊಂದಕ್ಕೆ ಒಪ್ಪಿಸಲಾಯಿತು. ಇದು ದತ್ತು ಅಲ್ಲ. ಮಗುವಿಗೆ ಆ ಮನೆಯ ಹೆಸರಾಗಲಿ ಆಸ್ತಿಯ ಹಕ್ಕಾಗಲಿ ಬರುವುದಿಲ್ಲ; ಸಮಿತಿಯ ಆದೇಶ ಇರುವವರೆಗೆ ಮನೆ ಅವನದು. ಮನೆಯ ಯಜಮಾನರು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಅವರ ಹೆಂಡತಿ ಮನೆ ನೋಡಿಕೊಂಡು ಕಾಜಾ, ಗುಂಡಿಯ ಕೆಲಸ ಮಾಡುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಅಪ್ಪ, ಅಮ್ಮ ಎಂದು ಕರೆಯುವಂತೆ ಅವರು ಒತ್ತಾಯ ಮಾಡಲಿಲ್ಲ. ಮೊದಲ ಎರಡು ವಾರ ಹುಡುಗ ಅವರನ್ನು ಏನೂ ಕರೆಯದೆ, ಎದುರಿಗೆ ಬಂದು ನಿಂತು ಮಾತಾಡುತ್ತಿದ್ದ. ಒಂದು ಸಂಜೆ ಹಿತ್ತಲಿನಿಂದ ‘ದೊಡ್ಡಮ್ಮಾ, ಬಕೆಟ್ ಎಲ್ಲಿ?’ ಎಂದು ಕೂಗಿದನಂತೆ. ಆಕೆ ಅದನ್ನು ನನಗೆ ಫೋನ್ ಮಾಡಿ ಹೇಳಿದರು. ಅಂದಿನಿಂದ ಅವರು ದೊಡ್ಡಪ್ಪ, ದೊಡ್ಡಮ್ಮ.

ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐ ಸೇರಿದ. ಎಲೆಕ್ಟ್ರೀಷಿಯನ್ ವಿಭಾಗ, ಎರಡು ವರ್ಷದ ಕೋರ್ಸು. ಎರಡನೆಯ ವರ್ಷದ ನಡುವೆ ಆ ನವೆಂಬರ್ ಬಂತು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಈ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳ ಪ್ರಕಾರ, ಮಗು ಬಾಲಮಂದಿರದಂಥ ಪಾಲನಾ ಸಂಸ್ಥೆಯನ್ನು ಬಿಡುವ ಎರಡು ತಿಂಗಳು ಮೊದಲೇ ಬಿಡುಗಡೆಯ ನಂತರದ ಯೋಜನೆಯನ್ನು ತಯಾರಿಸಿ ಸಮಿತಿಗೆ ಸಲ್ಲಿಸಬೇಕು. ಎಲ್ಲಿ ಇರುತ್ತಾನೆ, ಏನು ಓದುತ್ತಾನೆ, ಖರ್ಚಿಗೆ ಏನು, ಯಾರು ವಿಚಾರಿಸಿಕೊಳ್ಳುತ್ತಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಬಾಲಮಂದಿರದ ಮಕ್ಕಳ ವಿಷಯದಲ್ಲಿ ಈ ಕೆಲಸ ಹೇಗೋ ನಡೆಯುತ್ತದೆ, ಏಕೆಂದರೆ ಹಾಸಿಗೆ ತೆರವಾಗುವ ದಿನ ಎಲ್ಲರ ಕಣ್ಣಿಗೂ ಬೀಳುತ್ತದೆ. ಇವನು ಮನೆಯಲ್ಲಿದ್ದ. ಹೊತ್ತಿಗೆ ಸರಿಯಾಗಿ ಊಟವಿತ್ತು, ಪ್ರೀತಿಯಿತ್ತು. ನನಗೂ, ಕಡತ ನೋಡುವವರಿಗೂ ಇದು ತುರ್ತಿನ ಸಂಗತಿ ಅನ್ನಿಸಲಿಲ್ಲ. ಯೋಜನೆ ತಯಾರಾಗಲಿಲ್ಲ. ನವೆಂಬರ್ ಮುಗಿಯುತ್ತಲೇ ಪೋಷಕತ್ವದ ಆದೇಶ ಕೊನೆಗೊಂಡಿತು, ತಿಂಗಳ 4,000 ರೂಪಾಯಿ ನಿಂತಿತು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪೋಷಕತ್ವಕ್ಕೆ ನಿಗದಿಯಾದ ಮೊತ್ತ ಅಷ್ಟು. ಅದಕ್ಕೆ ಮೊದಲು 2,000 ಇತ್ತು.

ಹಣ ನಿಂತದ್ದಕ್ಕೆ ಆ ದಂಪತಿ ಒಂದು ಮಾತೂ ಆಡಲಿಲ್ಲ ಎಂಬುದನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ. ಅವರು ಮಾಡಿದ್ದು ಇಷ್ಟೇ: ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದ ದೊಡ್ಡಪ್ಪ ‘ಈ ತಿಂಗಳು ಇವನದು ಬಂದಿಲ್ಲ’ ಎಂದು ಹೆಂಡತಿಗೆ ಹೇಳಿದರು. ಹೊಲಿಗೆ ಯಂತ್ರದ ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಹುಡುಗನಿಗೆ ಅದು ಕೇಳಿಸಿತು.

ಬಾಲಮಂದಿರದಲ್ಲಿ ಅವನು ಏಳು ವರ್ಷ ನೋಡಿದ್ದೇನು? ದೊಡ್ಡ ಹುಡುಗರಿಗೆ ಹದಿನೆಂಟು ತುಂಬುತ್ತದೆ. ಒಂದು ಬೆಳಿಗ್ಗೆ ಅವರು ರಿಜಿಸ್ಟರಿಗೆ ಸಹಿ ಹಾಕುತ್ತಾರೆ, ಟ್ರಂಕು ಎತ್ತಿಕೊಳ್ಳುತ್ತಾರೆ, ಗೇಟಿನವರೆಗೆ ಚಿಕ್ಕವರು ಹಿಂದೆ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದೇ ಮಂಚಕ್ಕೆ ಬೇರೆ ಹಾಸಿಗೆ ಬಿದ್ದಿರುತ್ತದೆ. ಅವನ ತಿಳಿವಳಿಕೆಯಲ್ಲಿ ಹದಿನೆಂಟು ಎಂದರೆ ಅದು. ಯಾರೂ ಹೋಗು ಎನ್ನುವ ಮೊದಲೇ ಹೋಗುವುದು ಮರ್ಯಾದೆ ಎಂದುಕೊಂಡ. ಟ್ರಂಕು ಸಿದ್ಧವಾಗಿಯೇ ಇತ್ತು. ನಾಲ್ಕು ವರ್ಷದಿಂದ ಸಿದ್ಧವಾಗಿತ್ತು.

ಡಿಸೆಂಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ಐಟಿಐಗೆ ಹೊರಟಂತೆ ಹೊರಟವನು ಬೆಂಗಳೂರಿನ ಬಸ್ಸು ಹತ್ತಿದ. ಟ್ರಂಕಿನಿಂದ ನಾಲ್ಕು ಜೊತೆ ಬಟ್ಟೆ ಹೋಗಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ‘ದೊಡ್ಡಪ್ಪ, ನನ್ನ ಅವಧಿ ಮುಗಿದಿದೆ. ನಿಮಗೆ ತೊಂದರೆ ಬೇಡ’ ಎಂದು ಬರೆದಿಟ್ಟಿದ್ದ. ಆ ‘ಅವಧಿ’ ಎಂಬ ಪದ ಅವನದಲ್ಲ. ಸಮಿತಿಯ ಪರಿಶೀಲನೆಗೆ ಹೋದಾಗಲೆಲ್ಲ ಅವನು ನಮ್ಮ ಬಾಯಿಂದ ಕೇಳಿದ್ದು ಅದು.

ಐದು ವಾರ ಅವನು ಕಟ್ಟಡವೊಂದರ ವೈರಿಂಗ್ ಗುತ್ತಿಗೆದಾರರ ಬಳಿ ಇದ್ದ. ದಿನಕ್ಕೆ 500 ರೂಪಾಯಿ ಎಂಬ ಮಾತಾಗಿತ್ತು. ಮಲಗುವುದು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ, ಸಿಮೆಂಟ್ ಚೀಲ ಹಾಸಿಕೊಂಡು. ಕೂಲಿಯನ್ನು ಬ್ಯಾಂಕ್ ಖಾತೆಗೇ ಹಾಕುತ್ತೇನೆಂದು ಗುತ್ತಿಗೆದಾರ ಹೇಳಿದಾಗ ಇವನು ತನ್ನ ಹಳೆಯ ಖಾತೆಯನ್ನು ಚಾಲ್ತಿ ಮಾಡಿಸಲು ಹೋದ. ಖಾತೆ ಬಾಲಮಂದಿರದಲ್ಲಿದ್ದಾಗ ತೆರೆದದ್ದು, ಅಪ್ರಾಪ್ತನ ಖಾತೆ, ಅಧೀಕ್ಷಕರ ಸಹಿಯಲ್ಲಿ ನಡೆಯುತ್ತಿದ್ದದ್ದು. ಪ್ರಾಪ್ತ ವಯಸ್ಸು ಬಂದ ಮೇಲೆ ಗುರುತಿನ ದಾಖಲೆಗಳನ್ನು ಮತ್ತೆ ಕೊಟ್ಟು, ತನ್ನ ಸಹಿ ಕೊಟ್ಟು, ಖಾತೆಯನ್ನು ಬದಲಾಯಿಸಿಕೊಳ್ಳಬೇಕು. ಗುರುತು ಎಂದರೆ ಆಧಾರ್. ಆಧಾರಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಆಗಿನ ಅಧೀಕ್ಷಕರದು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು.

ಹೀಗೆ ಬೆಂಗಳೂರಿನ ಬ್ಯಾಂಕಿನಲ್ಲಿ ನಿಂತ ಹುಡುಗನ ಒಟಿಪಿ ಎಲ್ಲೋ ಇದ್ದ ನಿವೃತ್ತ ಅಧಿಕಾರಿಯೊಬ್ಬರ ಫೋನಿಗೆ ಹೋಯಿತು. ಒಳ್ಳೆಯದಾದದ್ದು ಅದರಿಂದಲೇ. ಅವರು ಗಾಬರಿಯಾಗಿ ಬಾಲಮಂದಿರಕ್ಕೆ ಫೋನ್ ಮಾಡಿದರು, ಬಾಲಮಂದಿರದವರು ನನಗೆ ಮಾಡಿದರು, ಬ್ಯಾಂಕ್ ಶಾಖೆ ಯಾವುದೆಂದು ತಿಳಿಯಿತು. ದೊಡ್ಡಪ್ಪ ಅಂದು ರಾತ್ರಿಯೇ ಬಸ್ಸು ಹತ್ತಿದರು. ನಾನು ಮರುದಿನ ಹೋದೆ. ಆ ಹೊತ್ತಿಗೆ ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಮಾತು ಮುಗಿದಿತ್ತು. ‘ಮೇಡಂ, ಇವನಿಗೆ ನಮ್ಮ ಮನೆಯ ವಿಳಾಸ ಬಾಯಿಪಾಠ ಇಲ್ಲವಂತೆ. ಬ್ಯಾಂಕಿನಲ್ಲಿ ಕೇಳಿದರೆ ಬಾಲಮಂದಿರದ್ದು ಹೇಳಿದ್ದಾನೆ’ ಎಂದರು ದೊಡ್ಡಪ್ಪ. ಅವರು ಅಷ್ಟು ಹೊತ್ತಿನಲ್ಲಿ ತೋಡಿಕೊಂಡ ದೂರು ಅದೊಂದೇ.

ಹುಡುಗ ಮರಳಿ ಬಂದ. ಐಟಿಐನಲ್ಲಿ ಪರೀಕ್ಷೆಗೆ ಕೂರಲು ಶೇ 80ರಷ್ಟು ಹಾಜರಾತಿ ಬೇಕು. ಐದು ವಾರ ದೊಡ್ಡ ಕೊರತೆ. ಪ್ರಾಂಶುಪಾಲರು ಸಂಜೆಯ ಹೊತ್ತು, ರಜಾದಿನಗಳಲ್ಲಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ತುಂಬಿಕೊಳ್ಳಲು ಬಿಟ್ಟರು. ಎಲ್ಲ ಕಡೆಯೂ ಹೀಗೆ ಮನಸ್ಸು ಮಾಡುವವರು ಇರುವುದಿಲ್ಲ.

ನಂತರ, ಹದಿನೆಂಟು ದಾಟಿದವರಿಗೆ ಸಿಗುವ ಬೆಂಬಲವಾದ ಅನುಪಾಲನೆಗೆ ಅರ್ಜಿ ಹಾಕಿದೆವು. ಕಚೇರಿಯಲ್ಲಿ ಎಲ್ಲರೂ ‘ಆಫ್ಟರ್ ಕೇರ್’ ಎನ್ನುವುದು ಇದನ್ನೇ. ಸುಲಭವಾಗಿ ಆಗುತ್ತದೆಂದುಕೊಂಡಿದ್ದೆ. ಕಡತ ಮೂರನೆಯ ದಿನ ಹಿಂದಕ್ಕೆ ಬಂತು. ಆಕ್ಷೇಪಣೆ ಒಂದೇ ಸಾಲಿನದು: ಈ ಅಭ್ಯರ್ಥಿ ಸಂಸ್ಥೆಯಿಂದ ಹೊರಬಂದದ್ದು ಹದಿನಾಲ್ಕನೇ ವಯಸ್ಸಿನಲ್ಲಿ, ಹದಿನೆಂಟು ತುಂಬಿದಾಗ ಸಂಸ್ಥೆಯಲ್ಲಿ ಇರಲಿಲ್ಲ, ಆದ್ದರಿಂದ ಅರ್ಹನಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಕಾಯ್ದೆ ತೆಗೆದು ಓದಿದರೆ ಆ ಸಾಲು ಬರೆದವರು ಕಲ್ಪಿಸಿಕೊಂಡು ಬರೆದಿರಲಿಲ್ಲ. 46ನೇ ಕಲಂ ಹೇಳುವುದು, ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯನ್ನು ಬಿಡುವ ಮಗುವಿಗೆ ಹಣಕಾಸಿನ ನೆರವು ನೀಡಬಹುದು ಎಂದು. ಅಲ್ಲಿ ಪೋಷಕ ಕುಟುಂಬದ ಮಾತಿಲ್ಲ. ಅಷ್ಟೇ ಅಲ್ಲ, ‘ನೀಡತಕ್ಕದ್ದು’ ಎಂದೂ ಇಲ್ಲ, ‘ನೀಡಬಹುದು’ ಎಂದಿದೆ. ಕಾನೂನಿನ ಭಾಷೆಯಲ್ಲಿ ಈ ಎರಡು ಪದಗಳ ನಡುವಿನ ಅಂತರ ಎಷ್ಟೆಂದು ಅರ್ಜಿ ಹಿಡಿದು ನಿಂತವರಿಗೆ ಗೊತ್ತು. ಮಗುವನ್ನು ಸಂಸ್ಥೆಗಿಂತ ಕುಟುಂಬದಲ್ಲಿ ಬೆಳೆಸುವುದೇ ಮೇಲು ಎಂಬುದು ಇದೇ ಕಾಯ್ದೆಯ ತತ್ತ್ವ. ಆ ತತ್ತ್ವವನ್ನು ನಂಬಿ ಕುಟುಂಬಕ್ಕೆ ಹೋದ ಹುಡುಗನಿಗೆ, ಬಾಲಮಂದಿರದಲ್ಲೇ ಉಳಿದ ಅವನ ಗೆಳೆಯನಿಗೆ ಸಿಗುವ ನೆರವು ಇಲ್ಲ ಎಂದಾಗುತ್ತದೆ. ಇದನ್ನು ನಾನು ಒಪ್ಪಲಾರೆ.

ದಾರಿ ಸಿಕ್ಕಿದ್ದು ವ್ಯಾಖ್ಯೆಗಳ ಭಾಗದಲ್ಲಿ. 2ನೇ ಕಲಮಿನ 5ನೇ ಉಪಕಲಂ ಅನುಪಾಲನೆ ಎಂದರೇನು ಎಂದು ವಿವರಿಸುತ್ತದೆ: ಹದಿನೆಂಟು ತುಂಬಿದ, ಇಪ್ಪತ್ತೊಂದು ತುಂಬದ, ಯಾವುದೇ ಸಾಂಸ್ಥಿಕ ಪಾಲನೆಯನ್ನು ಬಿಟ್ಟು ಸಮಾಜದ ಮುಖ್ಯವಾಹಿನಿಗೆ ಸೇರಲಿರುವ ವ್ಯಕ್ತಿಗಳಿಗೆ ಹಣದ ಅಥವಾ ಬೇರೆ ರೀತಿಯ ಬೆಂಬಲ. ಸಂಸ್ಥೆಯನ್ನು ಯಾವ ವಯಸ್ಸಿನಲ್ಲಿ ಬಿಟ್ಟಿರಬೇಕು ಎಂದು ಅಲ್ಲಿ ಹೇಳಿಲ್ಲ. ಇವನು ಏಳು ವರ್ಷ ಸಾಂಸ್ಥಿಕ ಪಾಲನೆಯಲ್ಲಿದ್ದವನು, ಅದನ್ನು ಬಿಟ್ಟವನು, ಈಗ ಹದಿನೆಂಟು ದಾಟಿದವನು. ಮೂರೂ ಮಾತು ಅವನಿಗೆ ಹೊಂದುತ್ತವೆ. ಈ ವಾದವನ್ನು ಒಂದೂವರೆ ಪುಟದಲ್ಲಿ ಬರೆದು, ಹುಡುಗನನ್ನೂ ದಂಪತಿಯನ್ನೂ ಕರೆದುಕೊಂಡು ಸಮಿತಿಯ ಮುಂದೆ ಹೋದೆವು.

ಸಮಿತಿಯ ಸದಸ್ಯರೊಬ್ಬರು ಕಾಯ್ದೆಯ ಪುಸ್ತಕವನ್ನು ಬದಿಗಿಟ್ಟು ಹುಡುಗನನ್ನೇ ಕೇಳಿದರು: ‘ನಿನಗೆ ಏನು ಬೇಕಪ್ಪ?’

ಅವನು ಬಹಳ ಹೊತ್ತು ಸುಮ್ಮನಿದ್ದ. ‘ಪರೀಕ್ಷೆ ಮುಗಿಯುವವರೆಗೆ ಅಲ್ಲೇ ಇರಬಹುದಾ, ಮೇಡಂ?’ ಎಂದ.

ದೊಡ್ಡಮ್ಮ ಅಳಲು ತೊಡಗಿದರು. ಬೇಡಿಕೆ ಅಷ್ಟು ಸಣ್ಣದಾಗಿತ್ತು, ಅದನ್ನೂ ಅವನು ಪ್ರಶ್ನೆಯಾಗಿ ಕೇಳಿದ್ದ.

ಸಮಿತಿ ನಮ್ಮ ಓದನ್ನು ಒಪ್ಪಿ ಇಪ್ಪತ್ತೊಂದು ತುಂಬುವವರೆಗೆ ಅನುಪಾಲನೆಯ ಆದೇಶ ನೀಡಿತು. ಬೇರೆ ಜಿಲ್ಲೆಯ ಸಮಿತಿ ಬೇರೆ ರೀತಿ ಓದಬಹುದು. ಪಠ್ಯ ಹಾಗಿರುವವರೆಗೆ ಪ್ರತಿ ಹುಡುಗನ ಪಾಡು ಓದುವವರ ಮನಸ್ಸಿನ ಮೇಲೆ ನಿಂತಿರುತ್ತದೆ.

ಆದೇಶ ಬಂದ ಮೇಲೂ ಯೋಜನೆ ಬರೆಯಲು ಕುಳಿತಾಗ ಒಂದು ತೊಡಕು ಎದುರಾಯಿತು. ಮಾದರಿ ನಿಯಮಗಳಲ್ಲಿ ಅನುಪಾಲನೆಯ ಅಂಗಗಳು ಒಳ್ಳೆಯವೇ ಇವೆ: ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ಗುಂಪು ವಸತಿ, ಕೌಶಲ ತರಬೇತಿ, ಓದಿಗೆ ವಿದ್ಯಾರ್ಥಿವೇತನ, ಕೆಲಸ ಸಿಗುವವರೆಗೆ ಬೆಂಬಲ, ನಿಯಮಿತವಾಗಿ ಸಂಪರ್ಕದಲ್ಲಿರುವ ಆಪ್ತ ಸಮಾಲೋಚಕರು, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು. ಹಣ ನೇರ ಅವನ ಬ್ಯಾಂಕ್ ಖಾತೆಗೇ ಬರಬೇಕು. ಆದರೆ ಇದೆಲ್ಲದರ ಹಿಂದೆ ಇರುವ ಚಿತ್ರ ಒಂದೇ: ಹುಡುಗ ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ. ಹೋಗದೆ ಇರುವವನಿಗೆ, ಇರುವ ಮನೆಯಲ್ಲೇ ಉಳಿಯಬೇಕಾದವನಿಗೆ ಅಲ್ಲಿ ಒಂದು ಕಾಲಂ ಇಲ್ಲ. ‘ವಸತಿ’ ಎಂಬಲ್ಲಿ ಗುಂಪು ವಸತಿಯ ಹೆಸರು ಬರೆಯಬೇಕಾಗಿತ್ತು. ನಾವು ದರ್ಜಿಯ ಮನೆಯ ವಿಳಾಸ ಬರೆದೆವು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಹೆಸರೇ ಇದೆ, ‘ಸ್ಟೇಯಿಂಗ್ ಪುಟ್’. 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆ ಬಂದ ಮೇಲೆ, ಹುಡುಗನೂ ಪೋಷಕರೂ ಇಷ್ಟಪಟ್ಟರೆ ಇಪ್ಪತ್ತೊಂದರವರೆಗೆ ಅದೇ ಮನೆಯಲ್ಲಿ ಉಳಿಯಲು ಸ್ಥಳೀಯ ಆಡಳಿತ ನೆರವಾಗಬೇಕು. ಅಮೆರಿಕದಲ್ಲಿ 2008ರ ಕಾಯ್ದೆಯೊಂದು, ಪೋಷಕ ಪಾಲನೆಯನ್ನು ಇಪ್ಪತ್ತೊಂದರವರೆಗೆ ವಿಸ್ತರಿಸುವ ರಾಜ್ಯಗಳಿಗೆ ಒಕ್ಕೂಟ ಸರ್ಕಾರದ ಹಣ ಸಿಗುವಂತೆ ಮಾಡಿತು. ಹದಿನೆಂಟರಲ್ಲಿ ಪಾಲನೆಯಲ್ಲಿದ್ದವರಿಗೆ ಇಪ್ಪತ್ತಾರರವರೆಗೆ ಸರ್ಕಾರಿ ಆರೋಗ್ಯ ವಿಮೆಯೂ ಇದೆ. ಅಲ್ಲಿನ ಹುಡುಗರೆಲ್ಲ ಸುಖವಾಗಿದ್ದಾರೆಂದು ನಾನು ಹೇಳುತ್ತಿಲ್ಲ. ಉಳಿಯುವುದನ್ನೂ ಒಂದು ಬೆಂಬಲವೆಂದು ಎಣಿಸಿದ ಕಾನೂನು ಇದೆ ಎಂಬುದನ್ನು ಹೇಳುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಹೆತ್ತ ಮಕ್ಕಳು ಹದಿನೆಂಟಕ್ಕೆ ಮನೆ ಬಿಡುವುದು ಎಲ್ಲಿದೆ? ಕೆಲಸ ಸಿಕ್ಕು, ಮದುವೆಯಾಗಿ, ಆಮೇಲೂ ಅನೇಕರು ಅಲ್ಲೇ ಇರುತ್ತಾರೆ. ಇಂಥ ನಾಡಿನಲ್ಲಿ, ಯಾರೂ ಇಲ್ಲದ ಹುಡುಗನೇ ಎಲ್ಲರಿಗಿಂತ ಮೊದಲು ಸ್ವತಂತ್ರನಾಗಲಿ ಎಂದು ಬಯಸುವುದು ನ್ಯಾಯವಲ್ಲ.

ಯೋಜನೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದು ಒಂದು ಅರ್ಧ ಹಾಳೆ. ಮೂವರೂ ಕುಳಿತು ಬರೆದ ಒಪ್ಪಂದ ಅದು. ಮೊದಲ ಕರಡಿನಲ್ಲಿ ದೊಡ್ಡಪ್ಪ ‘ಹಣ ಏನೂ ಬೇಡ’ ಎಂದು ಬರೆಸಿದ್ದರು. ಹುಡುಗನ ಮುಖ ಸಣ್ಣದಾಯಿತು. ಏಕೆಂದು ಆಮೇಲೆ ಕೇಳಿದೆ. ‘ಏನೂ ಕೊಡದಿದ್ದರೆ ಯಾವಾಗ ಬೇಕಾದರೂ ಹೋಗು ಎನ್ನಬಹುದಲ್ಲ ಅಕ್ಕ’ ಎಂದ. ಪ್ರೀತಿಯಿಂದ ಕೊಟ್ಟದ್ದಕ್ಕಿಂತ ಲೆಕ್ಕವಿಟ್ಟು ಕೊಟ್ಟದ್ದು ಅವನಿಗೆ ಹೆಚ್ಚು ಭದ್ರವಾಗಿ ಕಾಣುತ್ತಿತ್ತು. ಆದ್ದರಿಂದ ಬದಲಾಯಿಸಿದೆವು. ಅನುಪಾಲನೆಯಲ್ಲಿ ತಿಂಗಳಿಗೆ ಬರುವ 4,000ದಲ್ಲಿ 1,500 ಮನೆಗೆ, 1,000 ಅಂಚೆ ಕಚೇರಿಯ ತಿಂಗಳ ಉಳಿತಾಯ ಠೇವಣಿಗೆ (ಆರ್‌ಡಿ), ಉಳಿದದ್ದು ಅವನ ಓಡಾಟ, ಪುಸ್ತಕ, ಮೊಬೈಲ್ ಖರ್ಚಿಗೆ. ಮನೆಯ ಕೀಲಿಯ ಒಂದು ನಕಲು ಅವನ ಬಳಿ ಇರಬೇಕು. ಕೆಲಸಕ್ಕೆಂದು ಬೇರೆ ಊರಿಗೆ ಹೋದರೂ ಹಬ್ಬಕ್ಕೆ, ಕಾಯಿಲೆಗೆ, ಕೆಲಸ ಬಿಟ್ಟಾಗ ಈ ಮನೆಗೇ ಬರಬೇಕು. ಈ ಕೊನೆಯ ಸಾಲನ್ನು ದೊಡ್ಡಮ್ಮ ಹೇಳಿ ಬರೆಸಿದರು. ‘ಬರಬಹುದು’ ಎಂದು ನಾನು ಬರೆದಿದ್ದೆ. ಆಕೆ ‘ಬರಬೇಕು ಅಂತ ಹಾಕಮ್ಮ’ ಎಂದು ತಿದ್ದಿಸಿದರು.

ಹಣ ಮಾತ್ರ ಏಳು ತಿಂಗಳು ಬರಲಿಲ್ಲ. ಖಾತೆ ಬದಲಾವಣೆ, ಆಧಾರ್ ಜೋಡಣೆ, ಅನುದಾನದ ಬಿಡುಗಡೆ ಎಂದು ಒಂದೊಂದೇ ಕಾರಣ. ಆ ಏಳು ತಿಂಗಳು ಹೊಲಿಗೆ ಯಂತ್ರವೇ ಅವನನ್ನು ಸಾಕಿತು. ಗುಂಪು ವಸತಿಗೆ ಹೋಗಿ ಇದೇ ಹಣವನ್ನು ನಂಬಿಕೊಂಡಿದ್ದರೆ ಮೂರನೆಯ ತಿಂಗಳಿಗೆ ಮತ್ತೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ದಾಖಲೆಗಳ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಆಧಾರಿನಲ್ಲಿ ಮೊಬೈಲ್ ಸಂಖ್ಯೆ ಮತ್ತು ವಿಳಾಸ ಬದಲಾಯಿತು. ಮತದಾರರ ಪಟ್ಟಿಗೆ ಸೇರುವ ನಮೂನೆ 6ರಲ್ಲಿ ಸಂಬಂಧಿಯ ಹೆಸರು ಕೇಳುತ್ತಾರೆ. ಅನಾಥರಾದರೆ ಕಾನೂನುಬದ್ಧ ಪಾಲಕರ ಹೆಸರು ಬರೆಯಲು ಅವಕಾಶವಿದೆ. ಹದಿನೆಂಟು ತುಂಬಿದವನಿಗೆ ಪಾಲಕರು ಯಾರು? ಒಂದು ವಾರ ಚರ್ಚೆಯಾಗಿ, ಕೊನೆಗೆ ಸಮಿತಿಯ ಆದೇಶ ಲಗತ್ತಿಸಿ ದೊಡ್ಡಪ್ಪನ ಹೆಸರು ಬರೆದೆವು. ಮತದಾರರ ಚೀಟಿ ಬಂದ ದಿನ ಅವನು ಅದರ ಹಿಂಬದಿಯ ವಿಳಾಸವನ್ನು ನನಗೆ ಗಟ್ಟಿಯಾಗಿ ಓದಿ ತೋರಿಸಿದ. ಮನೆ ಸಂಖ್ಯೆ, ಓಣಿ, ವಾರ್ಡು, ಪಿನ್‌ಕೋಡ್. ಒಂದನ್ನೂ ಬಿಡಲಿಲ್ಲ.

ಅವನು ಐಟಿಐ ಪಾಸಾದ. ಈಗ ಜಿಲ್ಲಾ ಕೇಂದ್ರದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್, ವಯಸ್ಸು ಇಪ್ಪತ್ತು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಿ ರಾತ್ರಿ ಮನೆಗೆ ಬರುತ್ತಾನೆ. ಮನೆಗೆ ಕೊಡುವ 1,500 ಈಗ 2,500 ಆಗಿದೆ, ಅವನೇ ಹೆಚ್ಚಿಸಿದ್ದು. ಓಣಿಯಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ ‘ದರ್ಜಿಯವರ ಹುಡುಗನನ್ನು ಕರೆಯಿರಿ’ ಎನ್ನುತ್ತಾರಂತೆ. ಟ್ರಂಕು ಇನ್ನೂ ಮಂಚದಡಿಯಲ್ಲೇ ಇದೆ, ಕೆಲವು ಬಟ್ಟೆಗಳೂ ಅದರಲ್ಲೇ ಇವೆ. ಖಾಲಿ ಮಾಡು ಎಂದು ಆ ಮನೆಯಲ್ಲಿ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಮುಂದಿನ ನವೆಂಬರಿಗೆ ಇಪ್ಪತ್ತೊಂದು. ವಿಶೇಷ ಸಂದರ್ಭಗಳಲ್ಲಿ ಅನುಪಾಲನೆಯನ್ನು ಇನ್ನೆರಡು ವರ್ಷ ವಿಸ್ತರಿಸಲು ನಿಯಮಗಳಲ್ಲಿ ಅವಕಾಶವಿದೆ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ, ಅವನಿಗೆ ಅದನ್ನು ಓದುವ ಆಸೆ ಇದೆ. ವಿಸ್ತರಣೆಯ ಅರ್ಜಿಯನ್ನು ಈ ಬಾರಿ ಎರಡು ತಿಂಗಳಲ್ಲ, ಆರು ತಿಂಗಳು ಮೊದಲೇ ಬರೆದಿಟ್ಟಿದ್ದೇನೆ. ಉಳಿದಿರುವ ದೊಡ್ಡ ತೊಡಕು ಶುಲ್ಕದ್ದು. ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಬೇಕು, ಜಾತಿ ಪ್ರಮಾಣಪತ್ರಕ್ಕೆ ತಂದೆಯ ದಾಖಲೆ ಬೇಕು, ತಂದೆ ಯಾರೆಂದು ಯಾರಿಗೂ ತಿಳಿಯದು. ನಾಡಕಚೇರಿಯಲ್ಲಿ ಎರಡು ಸಲ ಅರ್ಜಿ ತಿರಸ್ಕೃತವಾಗಿದೆ. ಮೂರನೆಯ ಅರ್ಜಿಗೆ ಸಮಿತಿಯ ಮೊದಲ ಆದೇಶದಿಂದ ಹಿಡಿದು ಎಲ್ಲ ಆದೇಶಗಳ ದೃಢೀಕೃತ ಪ್ರತಿಗಳನ್ನು ಲಗತ್ತಿಸಿದ್ದೇವೆ. ಸೋಮವಾರ ದೊಡ್ಡಪ್ಪ ಅಂಗಡಿ ಮುಚ್ಚಿ ಅವನ ಜೊತೆ ತಹಶೀಲ್ದಾರರನ್ನು ಕಾಣಲು ಹೋಗುತ್ತಿದ್ದಾರೆ.